ಮೋಟವ್ವ ಮತ್ತು ಬೇಲಿ ಸಾವ್ಕಾರ

ಗದಗ-ಬೆಟಗೇರಿಯ ನಮ್ಮ ಓಣಿಯಲ್ಲಿ ನಾಯಿ ಸಾಕಿದವರಿದ್ದಾರೆ, ಎಮ್ಮೆ ಕಟ್ಟಿದವರಿದ್ದಾರೆ, ಮಾಳಿಗೆ ಮೇಲೆ ಪಾರಿವಾಳಕ್ಕೆ ಗೂಡು ಮಾಡಿಕೊಟ್ಟವರಿದ್ದಾರೆ. ನನ್ನ ಪ್ರೀತಿ ಹಲ್ಲಿಯ ಮೇಲೆ. ಗೋಡೆಯ ಹಲ್ಲಿ, ಬೇಲಿಯ ಓತಿಕ್ಯಾತ, ಹಿತ್ತಲ ತರಗೆಲೆಯಲ್ಲಿ ಮಿಂಚಿ ಮರೆಯಾಗುವ ಹಾವರಾಣಿ: ಈ ಬಳಗದಲ್ಲಿ ಒಂದನ್ನು ಆರಿಸಿಕೊಂಡು, ಅದರ ಊಟಕ್ಕೆ ಅನುಕೂಲ ಮಾಡಿಕೊಟ್ಟು, ನೋಡುತ್ತ ಕೂರುವುದಿದೆಯಲ್ಲ, ಅಷ್ಟು ತೃಪ್ತಿ ಕೊಡುವ ಹವ್ಯಾಸ ನನಗೆ ಮತ್ತೊಂದು ಸಿಕ್ಕಿಲ್ಲ.

ಹಲ್ಲಿಯನ್ನು ಮುದ್ದಿಗೆ ಸಾಕುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಪಾಕಿಸ್ತಾನ, ಅಫ್ಘಾನಿಸ್ತಾನದ ಒಣನೆಲದ ಲೆಪರ್ಡ್ ಗೆಕ್ಕೊ, ಆಸ್ಟ್ರೇಲಿಯದ ಬಿಯರ್ಡೆಡ್ ಡ್ರಾಗನ್ ಅವರ ಅಚ್ಚುಮೆಚ್ಚು. ಆರಿಸುವಾಗ ಕಣ್ಣು ನಿಚ್ಚಳವಾಗಿದೆಯೇ, ಬಾಲದ ಬುಡ ತುಂಬಿಕೊಂಡಿದೆಯೇ, ಹುಳು ಕಂಡರೆ ಕತ್ತು ತಿರುಗಿಸುತ್ತದೆಯೇ ಎಂದು ನೋಡುತ್ತಾರೆ. ಊಟಕ್ಕೆ ಜೀರುಂಡೆ. ಅದೂ ಹಲ್ಲಿಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ಹುಳುವಿನ ಮೈಯಲ್ಲಿ ಸುಣ್ಣದಂಶ ಕಡಿಮೆಯಾದ್ದರಿಂದ ಕ್ಯಾಲ್ಸಿಯಂ ಪುಡಿ ಸವರಿ ಕೊಡುತ್ತಾರೆ. ಡ್ರಾಗನ್‌ಗೆ ಇದರ ಜೊತೆ ನೇರಳಾತೀತ ಕಿರಣದ ದೀಪವೂ ಬೇಕು. ಗದಗಿನ ಬಿಸಿಲಿಗೆ ಮೈಯೊಡ್ಡುವ ನಮ್ಮ ಓತಿಕ್ಯಾತನಿಗೆ ಈ ಖರ್ಚೆಲ್ಲ ಉಳಿತಾಯ!

ನನ್ನ ಪದ್ಧತಿಯಲ್ಲಿ ಗಾಜಿನ ಪೆಟ್ಟಿಗೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಕಾಡುಜೀವಿಗಳನ್ನು ಹಿಡಿದಿಡುವುದಕ್ಕೆ ತಡೆ ಹಾಕಿದೆ. ಉಡವಂತೂ ಮೊದಲನೇ ಪರಿಚ್ಛೇದದಲ್ಲಿದೆ. ಇಗುವಾನಾದಂಥ ಪರದೇಶದ ಪ್ರಾಣಿ ತಂದವರೂ 2024ರ ನಿಯಮಗಳ ಪ್ರಕಾರ ಸರಕಾರದಲ್ಲಿ ನೋಂದಾಯಿಸಬೇಕು. ಕಾಯ್ದೆ ಇರದಿದ್ದರೂ ನಾನು ಹಿಡಿಯುತ್ತಿರಲಿಲ್ಲ. ತನ್ನಿಷ್ಟಕ್ಕೆ ಬಂದು, ತನ್ನಿಷ್ಟಕ್ಕೆ ಉಂಡು ಹೋಗುವ ಜೀವದಲ್ಲೇ ಸ್ವಭಾವ ಪೂರ್ತಿ ಕಾಣುತ್ತದೆ. ಆರಿಸುವ ಲಕ್ಷಣಗಳು ಮಾತ್ರ ಅವೇ: ನಿಚ್ಚಳ ಕಣ್ಣು, ತುಂಬಿದ ಮೈ, ಊಟದಲ್ಲಿ ಆಸ್ಥೆ. ಇವುಗಳಿಗೆ ನಾನೊಂದು ಸೇರಿಸುತ್ತೇನೆ. ನಾವು ಅಲುಗಾಡದೆ ಕೂತರೆ ಅದೂ ಓಡಿಹೋಗದೆ ನಿಂತು ನಮ್ಮನ್ನು ನೋಡಬೇಕು. ಹಾಗೆ ನಿಂತ ಹಲ್ಲಿ ನಿಮ್ಮದಾಯಿತೆಂದೇ ತಿಳಿಯಿರಿ.

ಹಾಗೆ ನಿಂತವಳು ನಮ್ಮ ಪಡಸಾಲೆಯ ಮೋಟವ್ವ. ಯಾವಾಗಲೋ ಬಾಲ ಕಳಚಿಕೊಂಡಿದ್ದಳು. ಮತ್ತೆ ಚಿಗುರಿದ ಬಾಲ ಗಿಡ್ಡ, ಮೈಮೇಲಿನ ಚುಕ್ಕೆ ಅದರ ಮೇಲಿಲ್ಲ. ಹೊಸ ಬಾಲದಲ್ಲಿ ಮೂಳೆಯ ಮಣಿಗಳೂ ಇರುವುದಿಲ್ಲ, ಮೃದ್ವಸ್ಥಿಯ ಒಂದು ಕಡ್ಡಿಯಷ್ಟೇ ಇರುತ್ತದೆ. ದೀಪ ಹಚ್ಚುವ ಹೊತ್ತಿಗೆ ಕಿಟಕಿಯ ಮೇಲಿನ ಸಂದಿಯಿಂದ ಮೂತಿ ಹೊರಗೆ ಹಾಕುತ್ತಾಳೆ. ಕೂಡಲೇ ಹೊರಬೀಳುವುದಿಲ್ಲ. ದೀಪದ ಸುತ್ತ ಏನೇನು ಬಂದಿದೆ ಎಂದು ಲೆಕ್ಕ ಹಾಕಿ, ಗಾಜಿನ ಅಂಚು ಹಿಡಿದು ಇಳಿಯುತ್ತಾಳೆ. ಪತಂಗ ಕೂತರೆ ನೇರ ನುಗ್ಗದೆ ಓರೆಯಾಗಿ ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಾಳೆ. ಬಾಲದ ತುದಿ ಸಣ್ಣಗೆ ನಡುಗುತ್ತದೆ. ಆಮೇಲಿನದು ಕಣ್ಣಿಗೆ ನಿಲುಕುವುದಿಲ್ಲ. ಪತಂಗ ಬಾಯಲ್ಲಿರುತ್ತದೆ, ಅದನ್ನು ಗೋಡೆಗೆ ಬಡಿದು ರೆಕ್ಕೆ ಸಮೇತ ನುಂಗುತ್ತಾಳೆ. ಕೊನೆಗೆ ನಾಲಗೆ ಚಾಚಿ ಬಲಗಣ್ಣು, ಎಡಗಣ್ಣು ಎರಡನ್ನೂ ಒರೆಸುತ್ತಾಳೆ. ಮನೆಹಲ್ಲಿಗೆ ರೆಪ್ಪೆ ಇಲ್ಲ. ಕಣ್ಣನ್ನು ಮುಚ್ಚಿರುವ ಪಾರದರ್ಶಕ ಪೊರೆಯನ್ನು ನಾಲಗೆಯಿಂದಲೇ ತೊಳೆಯಬೇಕು. ಆ ಕಣ್ಣಿನ ಶಕ್ತಿಯೂ ಅಂಥದ್ದೇ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2004ರಲ್ಲಿ ಒಂದು ಜಾತಿಯ ನಿಶಾಚರಿ ಹಲ್ಲಿಯನ್ನು ಪರೀಕ್ಷಿಸಿದಾಗ, ನಮಗೆ ಬಣ್ಣವೇ ಗೊತ್ತಾಗದಷ್ಟು ಮಬ್ಬಿನಲ್ಲೂ ಅದು ಬಣ್ಣ ಗುರುತಿಸಿತು.

ಗಾಜಿನ ಒಳಗಡೆ ನಾನು, ಹೊರಗಡೆ ಅವಳು ಇದ್ದಾಗ ಹೊಟ್ಟೆ, ಪಾದಗಳೆಲ್ಲ ಕಣ್ಣಳತೆಗೆ ಸಿಗುತ್ತವೆ. ಬೆರಳಿನ ಅಡಿಯಲ್ಲಿ ಸಾಲುಸಾಲು ಮಡಿಕೆ. ಆ ಮಡಿಕೆಗಳಲ್ಲಿ ಸೂಕ್ಷ್ಮ ರೋಮಗಳು. ಹಲ್ಲಿಯ ಪಾದದಲ್ಲಿ ಅಂಟೂ ಇಲ್ಲ, ಹೀರುಬಟ್ಟಲೂ ಇಲ್ಲ, ಅಣು-ಅಣುವಿನ ನಡುವಿನ ವಾನ್ ಡರ್ ವಾಲ್ಸ್ ಸೆಳೆತದಿಂದಲೇ ಅದು ಗೋಡೆ ಹಿಡಿಯುತ್ತದೆ ಎಂಬುದಕ್ಕೆ ಅಮೆರಿಕದ ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2002ರಲ್ಲಿ ಪುರಾವೆ ಕೊಟ್ಟರು. ಮುಂಗಾರಿನ ಹೊತ್ತಿಗೆ ಮೋಟವ್ವನ ತೆಳುಹೊಟ್ಟೆಯಲ್ಲಿ ಶೇಂಗಾ ಬೀಜದಂಥ ಎರಡು ಬಿಳಿ ಮೊಟ್ಟೆ ಎದ್ದು ಕಾಣುತ್ತವೆ. ಕತ್ತಿನ ಎರಡೂ ಬದಿಗೆ ಬಿಳಿ ಉಬ್ಬು. ಅದನ್ನು ಗಾಯವೆಂದೋ ಗಂಟೆಂದೋ ಎಣಿಸಬೇಡಿ. ಮೊಟ್ಟೆಯ ಚಿಪ್ಪಿಗೆಂದು ಕೂಡಿಟ್ಟ ಸುಣ್ಣದ ಚೀಲ ಅದು. ಪೆಟ್ಟಿಗೆಯ ಹಲ್ಲಿಗೆ ಪುಡಿ ಸವರಿ ಕೊಡುವುದನ್ನು ಇವಳು ಪತಂಗ-ಸೊಳ್ಳೆಗಳಿಂದಲೇ ಗಳಿಸಿ ಇಟ್ಟುಕೊಂಡಿದ್ದಾಳೆ.

ಇವಳಿಗೆ ನಾನು ಉಣಿಸುವುದು ಬೆಳಕಿನಿಂದ. ಹಳದಿ ಬೆಳಕಿಗೆ ಹುಳು ಕಡಿಮೆ, ಬಿಳಿ ಬೆಳಕಿಗೆ ಹೆಚ್ಚು. ಕತ್ತಲಾದ ಮೇಲೆ ಹೊರಗಿನ ಬಿಳಿ ದೀಪ ಒಂದು ತಾಸು ಹಚ್ಚಿ ಆಮೇಲೆ ಆರಿಸುತ್ತೇನೆ. ಹುಳುಗಳಿಗೂ ತಮ್ಮ ರಾತ್ರಿ ಬೇಕಲ್ಲ. ಮೊದಲ ದೊಡ್ಡ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಒರಲೆಗಳು ನೆಲದಿಂದ ಏಳುತ್ತವೆ. ಅಂದು ದೀಪ ಬೇಗ ಆರಿಸಿದರೂ ಗೋಡೆಯಲ್ಲಿ ಹಬ್ಬವೇ. ಅಲ್ಲಿಯತನಕ ಕಾಣದಿದ್ದ ಹಲ್ಲಿಗಳೂ ಬರುತ್ತವೆ, ಜಗಳ ಹತ್ತುತ್ತದೆ, ಮೋಟವ್ವ ತನ್ನ ಮೂಲೆ ಬಿಟ್ಟುಕೊಡದೆ ಲೊಚಗುಟ್ಟುತ್ತಾಳೆ. ಒಳಗಿಂದ ಅವ್ವ ನೆಲಕ್ಕೆ ಬೆರಳು ತಟ್ಟಿ, “ಹಲ್ಲಿ ನುಡೀತು ನೋಡು, ನೀ ಅಂದಿದ್ದು ಖರೇ ಆಕ್ಕೈತಿ” ಅನ್ನುತ್ತಾಳೆ.

“ಯವ್ವಾ, ಅದು ಇನ್ನೊಂದು ಹಲ್ಲಿಗೆ ‘ಇದು ನನ್ನ ಜಾಗಾ’ ಅಂತ ಹೇಳಾಕತ್ತೈತಿ.”

“ಯಾರಿಗರ ಹೇಳ್ಲಿ, ನನಗೂ ಕೇಳಿಸ್ತಲ್ಲ!”

ಹಲ್ಲಿ ಬಿದ್ದರೆ ಯಾವ ಅಂಗಕ್ಕೆ ಯಾವ ಫಲವೆಂದು ಪಂಚಾಂಗ ತೆಗೆಯುವ ಅವ್ವ ಮೋಟವ್ವನನ್ನು ಒಂದು ದಿನವೂ ಓಡಿಸಿದವಳಲ್ಲ. ಆ ನಂಬಿಕೆಯೇ ಎಷ್ಟೋ ಮನೆಗಳಲ್ಲಿ ಹಲ್ಲಿಯ ಜೀವ ಕಾಯ್ದಿದೆ.

ಹಗಲಿನ ಗೆಳೆಯ ಹಿತ್ತಲ ಓತಿಕ್ಯಾತ. ಓತಿಕ್ಯಾತನಿಗೆ ಬೇಲಿ ಸಾಕ್ಷಿ ಎಂಬ ಗಾದೆಯಂತೆ ಜಾಲಿಮುಳ್ಳಿನ ಬೇಲಿಯೇ ಅವನ ಕಾಯಂ ಠಿಕಾಣಿ. ಬೇಸಿಗೆ ಮುಗಿಯುತ್ತ ಬಂದಂತೆ ಗಂಡಿನ ತಲೆ, ಕತ್ತು ಕೆಂಪೇರುತ್ತವೆ. ಎತ್ತರದ ಗೂಟ ಹತ್ತಿ, ಮುಂಗಾಲಿನ ಮೇಲೆ ಮೈ ಎತ್ತಿ ಇಳಿಸಿ, ಬೇಲಿಯುದ್ದಕ್ಕೂ ಹಕ್ಕು ಸಾರುತ್ತಾನೆ. ಆ ಗತ್ತು ನೋಡಿ ಓಣಿಯ ಹುಡುಗರು ‘ಸಾವ್ಕಾರ’ ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಅವರು ಕಲ್ಲು ಹೊಡೆಯುವುದನ್ನೂ ಬಿಟ್ಟರು.

ಸಾವ್ಕಾರನಿಗೆ ಉಣಿಸಲು ಒರಲೆ ಹತ್ತಿದ ಹಳೇ ಕಟ್ಟಿಗೆ ಸಾಕು. ಬೇಲಿಯ ಬುಡದಲ್ಲಿ ಅದನ್ನು ಮಗುಚಿ, ಹತ್ತು ಹೆಜ್ಜೆ ಹಿಂದೆ ಬಂದು ಕೂರಬೇಕು. ಮೊದಲು ಅವನ ಒಂದು ಕಣ್ಣು ಕಟ್ಟಿಗೆಯ ಕಡೆ ಹೊರಳುತ್ತದೆ, ಇನ್ನೊಂದು ನನ್ನ ಮೇಲೇ ಇರುತ್ತದೆ. ತಲೆ ಎರಡು ಸಲ ತೂಗುತ್ತಾನೆ. ತಲೆಕೆಳಗಾಗಿ ಸರಸರ ಇಳಿದು, ನೆಲ ಮುಟ್ಟುವ ಮೊದಲು ಮತ್ತೊಮ್ಮೆ ನಿಂತು ನೋಡಿ, ಒಂದೊಂದೇ ಒರಲೆಯನ್ನು ನಾಲಗೆಯಿಂದ ಎತ್ತುತ್ತಾನೆ. ದಿನಾ ಹೀಗೆ ಮಾಡಬಾರದು, ಬೇಟೆಯ ಚುರುಕು ಕಡಿಮೆಯಾದೀತು. ಹಿತ್ತಲ ಒಂದು ಮೂಲೆಯ ಮಣ್ಣನ್ನು ಮೆತ್ತಗಿಟ್ಟಿದ್ದೇನೆ. ಮಳೆಗಾಲದಲ್ಲಿ ಹೆಣ್ಣು ಅಲ್ಲಿ ಕುಣಿ ತೋಡಿ ಹತ್ತಿಪ್ಪತ್ತು ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ತಟ್ಟಿ ಸಮ ಮಾಡಿ ಹೋಗುತ್ತದೆ.

ಹವ್ಯಾಸ ಹತ್ತಿದ ಮೇಲೆ ಊರೂರಿನ ಗೋಡೆ, ಬಂಡೆಗಳೂ ಬೇರೆಯಾಗಿ ಕಾಣತೊಡಗಿದವು. ಲಕ್ಷ್ಮೇಶ್ವರದ ಸೋಮೇಶ್ವರ ದೇವಸ್ಥಾನಕ್ಕೆ ಹೋದರೆ ಕೆತ್ತನೆಯ ಜೊತೆ ಕಲ್ಲಿನ ಸಂದಿಗಳನ್ನೂ ನೋಡುತ್ತೇನೆ. ಶಿರಹಟ್ಟಿ ಕಡೆಯ ಹೊಲದ ಬದುವಿನಲ್ಲಿ ಉಡ ಕಂಡರೆ ಆ ದಿನ ಸಾರ್ಥಕ. ಅತಿ ಹೆಚ್ಚು ಮನಸೋತದ್ದು ಮುಂಡರಗಿ ತಾಲ್ಲೂಕಿನ ಡೋಣಿ ದಾಟಿದ ಮೇಲೆ ಸಿಗುವ ಕಪ್ಪತಗುಡ್ಡಕ್ಕೆ. 2019ರಲ್ಲಿ ಇದು ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 244 ಚದರ ಕಿಲೋಮೀಟರ್. ಈ ಸೀಮೆಯ ಬಯಲು, ಕಲ್ಲುಗುಡ್ಡೆಗಳಲ್ಲಿ ಗಂಟಲಿಗೆ ಬೀಸಣಿಗೆ ಕಟ್ಟಿಕೊಂಡ ಪುಟ್ಟ ಓತಿಗಳಿವೆ. ಮಳೆಗೆ ಮೊದಲು, ಬಿಸಿಲು ಕಾದಾಗ, ಗಂಡು ಕಲ್ಲಿನ ತುದಿಗೇರಿ ಗಂಟಲ ಚರ್ಮವನ್ನು ಫಕ್ಕನೆ ಬಿಚ್ಚುತ್ತದೆ, ಮಡಚುತ್ತದೆ, ಮತ್ತೆ ಬಿಚ್ಚುತ್ತದೆ. ಈ ಬೀಸಣಿಗೆ ಓತಿಗಳಲ್ಲಿ ‘ಸರಡಾ’ ಎಂಬ ಹೊಸ ಕುಲವನ್ನೇ ವಿಜ್ಞಾನಿಗಳು ಗುರುತಿಸಿದ್ದು 2016ರಲ್ಲಿ. ಬೀಸಣಿಗೆ ಓತಿಗಳ ಒಟ್ಟು ಬಳಗಕ್ಕೆ 2018ರಲ್ಲಿ ಗೋಕಾಕದ ಹೆಸರಿನ ಒಂದು ಪ್ರಭೇದ, 2020ರಲ್ಲಿ ಧಾರವಾಡದ ಹೆಸರಿನ ಇನ್ನೊಂದು ಸೇರಿದವು. ತೇಜಸ್ವಿಯವರ ‘ಕರ್ವಾಲೊ’ ಓದಿ ಹಾರುವ ಓತಿಯ ಬೆನ್ನು ಹತ್ತಲು ಮಲೆನಾಡಿಗೇ ಹೋಗಬೇಕೆಂದುಕೊಂಡವರಿಗೆ ನಮ್ಮ ಬಯಲುಸೀಮೆಯೂ ಇಷ್ಟು ಹೊಸತನ್ನು ಕೊಟ್ಟಿದೆ.

ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ಕಂಡಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರ 2018ರ ಅಧ್ಯಯನ ನೆನಪಾಗುತ್ತದೆ. ಸಾತಾರಾದ ಚಾಳಕೇವಾಡಿಯಲ್ಲಿ ಯಂತ್ರಗಳಿದ್ದ ಕಡೆ ಹದ್ದು, ಡೇಗೆ ಕಡಿಮೆಯಾಗಿ ಬೀಸಣಿಗೆ ಓತಿಗಳ ಸಂಖ್ಯೆ ಏರಿತ್ತು. ಆದರೆ ಅವು ಬಡಕಲಾಗಿದ್ದವು, ಗಂಡುಗಳ ಗಂಟಲ ಬಣ್ಣ ಮಂಕಾಗಿತ್ತು. ಹದ್ದಿನ ಭಯ, ಹುಳುವಿನ ಪಾಲು, ಗಂಟಲ ಬಣ್ಣ ಒಂದಕ್ಕೊಂದು ಹೆಣೆದುಕೊಂಡಿವೆ. ಕಲ್ಲಿನ ಮೇಲಿನ ಒಂದು ಓತಿಯನ್ನು ಚೆನ್ನಾಗಿ ನೋಡಲು ಕಲಿತವರಿಗೆ ಇಡೀ ಗುಡ್ಡದ ಆರೋಗ್ಯ ಓದಲು ಬರುತ್ತದೆ.

ಹಲ್ಲಿ ಎಂದರೆ ಹೇಸುವವರಿಗೆ ಒಂದು ಮಾತು. ನಮ್ಮ ಮನೆಹಲ್ಲಿಗೆ ವಿಷವಿಲ್ಲ. ಅದರ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಹಾಲು-ಸಾರಿಗೆ ಮುಚ್ಚಳ ಹಾಕಿ, ಹಿಕ್ಕೆ ಒರೆಸಿದ ಕೈ ಸಾಬೂನಿನಿಂದ ತೊಳೆದರೆ ಆಯಿತು. ಗೋಡೆ ಸಂದಿಗೆ ಕೀಟನಾಶಕ ಹೊಡೆಯಬೇಡಿ, ಹುಳುವಿನ ಮೂಲಕ ಅದು ಹಲ್ಲಿಯ ಹೊಟ್ಟೆ ಸೇರುತ್ತದೆ. ಜಿರಲೆಗೆಂದು ಅಂಟಿನ ಹಾಳೆ ಇಡಬೇಡಿ; ಜಿರಲೆ ತಿನ್ನಲು ಹೋದ ಹಲ್ಲಿ ಅದರಲ್ಲಿ ಸಿಕ್ಕಿ ನರಳಿ ಸಾಯುತ್ತದೆ. ಈ ಮುಂಗಾರಿಗೆ ನಿಮ್ಮ ಮನೆಯ ಹೊರಗಿನ ಒಂದು ದೀಪ, ಹಿತ್ತಲ ಒಂದು ಬೇಲಿ ಆರಿಸಿಕೊಳ್ಳಿ. ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಸಂಜೆಗೊಮ್ಮೆ ನೋಡಿ. ಕೆಲವೇ ದಿನಗಳಲ್ಲಿ ಅಂಜುಬುರುಕ ಯಾವುದು, ಜಗಳಗಂಟ ಯಾವುದು, ತಾಳ್ಮೆಯದು ಯಾವುದು ಎಂದು ಮಕ್ಕಳೇ ಹೇಳುತ್ತಾರೆ, ಹೆಸರೂ ಇಡುತ್ತಾರೆ. ಹೆಸರಿಟ್ಟ ಜೀವದ ಮೇಲೆ ಕಸಬರಿಗೆ ಎತ್ತಲು ಯಾರಿಗೂ ಕೈ ಬರುವುದಿಲ್ಲ.