ಅಚ್ಚಾದ ಬೆಲೆ

ಚಾಮರಾಜನಗರದ ಶ್ರಾವಕ ತರುಣನೊಬ್ಬನದು ಅಂಗಡಿಗಳ ಬಿಲ್ಲಿಂಗ್ ಯಂತ್ರಗಳನ್ನು ನೋಡಿಕೊಳ್ಳುವ ಉದ್ಯೋಗ. 2023ರ ಜುಲೈಯಲ್ಲಿ ಕರ್ನಾಟಕ ಸರ್ಕಾರವು ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇಕಡ 20ರಷ್ಟು ಏರಿಸಿದಾಗ, ಗುಂಡ್ಲುಪೇಟೆಯ ಮದ್ಯದಂಗಡಿಯೊಂದರ ದರಪಟ್ಟಿಯನ್ನು ತಿದ್ದಲು ಅವನಿಗೆ ಕರೆ ಬಂದಿತು. ಮದ್ಯವನ್ನು ಮುಟ್ಟದವನು ಅದರ ಲೆಕ್ಕವನ್ನು ಮುಟ್ಟಬಹುದೇ ಎಂಬ ಅಳುಕಿನಿಂದಲೇ ಹೋದನು.

“ಹಳೇ ಸರಕಿಗೂ ಹೊಸ ದರವನ್ನೇ ಹಾಕಿಬಿಡಪ್ಪ, ಕುಡಿಯೋರು ಯಾರು ಕೇಳ್ತಾರೆ?” ಎಂದರು ಮಾಲೀಕರು.

ಸೀಸೆಯ ಮೇಲೆ ಅಚ್ಚಾದ ಗರಿಷ್ಠ ಬೆಲೆಯನ್ನು ಮೀರಿ ಮಾರುವುದು ಕಾನೂನಿಗೆ ಅಪರಾಧ. ಧರ್ಮಕ್ಕೋ, ಕೊಡದುದನ್ನು ಕೊಳ್ಳುವುದೇ ಕಳವು. ಕಳೆದುಕೊಂಡವನು ಕುಡುಕನಾದರೂ ಕಳವು ಕಳವೇ. ತರುಣನು ಹಳೆಯ ದಾಸ್ತಾನಿಗೆ ಹಳೆಯ ದರವನ್ನೇ ಉಳಿಸಿ, ಹೊಸ ಸರಕಿಗೆ ಬೇರೆ ಸಂಕೇತವನ್ನಿತ್ತು ಎದ್ದನು.

ಆ ಅಂಗಡಿಯಿಂದ ಮತ್ತೆ ಕರೆ ಬರಲಿಲ್ಲ. ಮೊದಲಿನ ಅಳುಕು ಮಾತ್ರ ಹೋಗಿಲ್ಲ: ಅಚೌರ್ಯವನ್ನು ಕಾಯ್ದುಕೊಂಡವನು ಆ ದಿನದ ಕೂಲಿಯನ್ನು ಯಾವ ವ್ರತದ ಲೆಕ್ಕಕ್ಕೆ ಬರೆಯಬೇಕು?