ಅಂಕೆಯೂ ಹಸಿವೆಯೂ

ಸರಕಾರದ ನೆರವನ್ನು ನಂಬಿ ಬಾಳುವವರ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವದೆಂದೂ, ಇದರಿಂದ ಜನರು ಆಲಸಿಗಳಾಗುವರೆಂದೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುಶಿಕ್ಷಿತರ ಮನೆಗಳಲ್ಲಿ ಮಾತು ಕೇಳಿಬರುತ್ತದೆ. ಹೀಗೆ ಆಡುವವರು ಕಠಿಣ ಹೃದಯದವರಲ್ಲ. ಅವರಲ್ಲಿ ನನ್ನ ಸ್ನೇಹಿತರೂ ಶಿಷ್ಯರೂ ಇರುವರು. ಆದರೆ ಸಂಖ್ಯೆಯು ಏರಿದ ಮಾತ್ರಕ್ಕೆ ನಾಡು ಕೆಟ್ಟಿತೆಂದೂ, ಇಳಿದ ಮಾತ್ರಕ್ಕೆ ಸುಧಾರಿಸಿತೆಂದೂ ತಿಳಿಯುವದು ಯುಕ್ತವೆ? ನಮ್ಮ ಸೀಮೆಯ ಇತಿಹಾಸವು ಬೇರೆಯೇ ಉತ್ತರವನ್ನು ಕೊಡುತ್ತದೆ.

ನಮ್ಮದು ಮೋಡದ ಮೋರೆ ನೋಡುವ ನಾಡು. ಡೋಣಿಯ ದಂಡೆಯ ಎರೆಭೂಮಿ ಬೆಳೆದರೆ ಓಣಿಯೆಲ್ಲ ಜೋಳ. ಬೆಳೆಯದಿದ್ದರೆ ಓಣಿಯೇ ಬರಿದು. ೧೭೯೧ರ ಬರವನ್ನು ಹಿರಿಯರು ಡೋಗಿ ಬರವೆಂದು ಕರೆದರು. ಹೂಳುವವರಿಲ್ಲದೆ ಸತ್ತವರ ತಲೆಬುರುಡೆಗಳು ನೆಲದ ಮೇಲೆಯೇ ಉಳಿದಿದ್ದವು. ೧೮೭೬ರಲ್ಲಿ ಮತ್ತೆ ಮಳೆ ಹೋಯಿತು. ಆಗ ಈ ತಾಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. ಮುಂಬಯಿ ಸರಕಾರವು ಬರಗಾಲದ ಕಾಮಗಾರಿಗಳನ್ನು ತೆರೆಯಲು ಜನರು ಗುಂಪುಗುಂಪಾಗಿ ಬಂದರು. ವೆಚ್ಚಕ್ಕೆ ಅಂಜಿದ ಹಿಂದುಸ್ಥಾನ ಸರಕಾರವು ಸರ್ ರಿಚರ್ಡ್ ಟೆಂಪಲ್ ಸಾಹೇಬರನ್ನು ಕಳಿಸಿತು. ೧೮೭೭ರ ಆರಂಭದಲ್ಲಿ ಗಂಡಾಳಿನ ದಿನಗೂಲಿಯು ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಕೆಲವು ಕಾಸುಗಳಿಗೆ ಇಳಿಯಿತು. ಒಂದು ಪೌಂಡೆಂದರೆ ಇಂದಿನ ಅರ್ಧ ಕಿಲೋಕ್ಕೂ ಕಡಿಮೆ. ಇಲಾಖೆಯಲ್ಲಿ ಸಾವಿರಾರು ಜನರು ಕೆಲಸವನ್ನು ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆಯವರು ಸರಕಾರಕ್ಕೆ ಬರೆದುಕೊಂಡರು. ಕಾಗದದ ಮೇಲೆ ನೆರವು ಪಡೆಯುವವರ ಸಂಖ್ಯೆಯೇನೋ ಇಳಿದಿತ್ತು! ೧೮೭೨ರಲ್ಲಿ ೮ ಲಕ್ಷಕ್ಕೆ ಮಿಕ್ಕಿದ್ದ ಜಿಲ್ಲೆಯ ಜನಸಂಖ್ಯೆಯು ೧೮೮೧ರಲ್ಲಿ ೬ ಲಕ್ಷ ೪೦ ಸಾವಿರವನ್ನೂ ಮುಟ್ಟಲಿಲ್ಲ. ಕೆಲವರು ಗುಳೆ ಹೋಗಿದ್ದರು, ಅನೇಕರು ಮಣ್ಣಾಗಿದ್ದರು.

ಇದಕ್ಕೆ ಪ್ರತಿಯಾಗಿ ಭೀಮೆಯ ಆಚೆಯ ಮಹಾರಾಷ್ಟ್ರವನ್ನು ನೋಡಿರಿ. ೧೯೭೨ರ ಬರದಲ್ಲಿ ಅಲ್ಲಿಯ ಸರಕಾರವು ಕಾಮಗಾರಿಗಳನ್ನು ಧಾರಾಳವಾಗಿ ತೆರೆಯಿತು. ೧೯೭೩ರ ಮೇ ತಿಂಗಳಲ್ಲಿ ಸುಮಾರು ೫೦ ಲಕ್ಷ ಜನರು ಅವುಗಳಲ್ಲಿ ದುಡಿಯುತ್ತಿದ್ದರು. ಸಂಖ್ಯೆಯು ಭಯಂಕರವಾಗಿ ಏರಿತು. ಆದರೆ ೧೮೭೭ರಂತೆ ಊರುಗಳು ಹಾಳಾಗಲಿಲ್ಲ.

ಕೆಲವೊಮ್ಮೆ ಸಂಖ್ಯೆಯು ಕಷ್ಟದಿಂದಲ್ಲ, ಕಾಯಿದೆಯಿಂದ ಏರುತ್ತದೆ. ನಮ್ಮ ರಾಜ್ಯದಲ್ಲಿ ೨೦೦೭ರಲ್ಲಿ ವೃದ್ಧರಿಗೆ ಸಂಧ್ಯಾ ಸುರಕ್ಷಾ ವೇತನವು ಬಂದಿತು. ೨೦೨೩ರ ಆಗಸ್ಟಿನಲ್ಲಿ ಗೃಹಲಕ್ಷ್ಮಿಯು ಆರಂಭವಾಗಿ, ಒಂದು ಕೋಟಿಗೂ ಮಿಕ್ಕಿದ ಗೃಹಿಣಿಯರು ಒಮ್ಮೆಲೆ ಪಟ್ಟಿಗೆ ಸೇರಿದರು. ಆ ತಿಂಗಳಲ್ಲಿಯೇ ಕೋಟಿ ಮನೆಗಳು ಬಡವಾದವೆಂದು ಯಾರಾದರೂ ಹೇಳುವರೆ?

ಇನ್ನು ಇಳಿಯುವ ಬಗೆಯನ್ನು ನಾನೇ ಬಲ್ಲೆನು. ನಿವೃತ್ತನಾದ ಮೇಲೆ ಓಣಿಯ ಮುದುಕರ ಅರ್ಜಿಗಳನ್ನು ಬರೆದುಕೊಡುತ್ತ ಬಂದಿರುವೆನು. ಒಬ್ಬ ವಿಧವೆಗೆ ಎಂಟು ತಿಂಗಳು ವೇತನವು ನಿಂತಿತು. ಹತ್ತಿ ಬಿಡಿಸಿ, ಕಳೆ ತೆಗೆದು ಅವಳ ಹೆಬ್ಬೆರಳ ಗೆರೆಗಳು ಸವೆದಿದ್ದವು. ಯಂತ್ರವು ಅವಳನ್ನು ಗುರುತಿಸಲೊಲ್ಲದು. “ಮಾಸ್ತರ್ರ, ನಾ ಇನ್ನಾ ಜೀವಂತ ಅದೀನಂತ ನೀವರ ಬರದು ಕೊಡ್ರಿ” ಎಂದಳು. ನಾಲ್ಕು ಅರ್ಜಿಗಳಾದ ಮೇಲೆ ಹಣವು ಮತ್ತೆ ಬಂದಿತು. ಅಷ್ಟರಲ್ಲಿ ಅವಳು ಇದ್ದೆರಡು ಆಡುಗಳನ್ನೂ ಮಾರಿದ್ದಳು. ಆ ಎಂಟು ತಿಂಗಳು ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾಗಿತ್ತು. ಊರಲ್ಲಿ ಒಂದು ಹಸಿವೆಯೂ ಕಡಿಮೆಯಾಗಿರಲಿಲ್ಲ.

ಬಾಲರನ್ನೂ ವೃದ್ಧರನ್ನೂ ರೋಗಿಗಳನ್ನೂ ಅನಾಥರನ್ನೂ ರಾಜನು ಪೋಷಿಸತಕ್ಕದ್ದೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿರುವನು. ಬಾಗೇವಾಡಿಯ ನೆಲದ ಬಸವಣ್ಣನವರು ಕಾಯಕದ ಜೊತೆಗೆ ದಾಸೋಹವನ್ನೂ ಇಟ್ಟರು. ದಾಸೋಹದಲ್ಲಿ ಕೊಡುವವನು ದೊಡ್ಡವನಲ್ಲ, ಉಣ್ಣುವವನು ಸಣ್ಣವನಲ್ಲ. ಅನರ್ಹರು ಪಟ್ಟಿಯಲ್ಲಿ ನುಸುಳಿದ್ದರೆ ಅವರನ್ನು ತೆಗೆಯುವದು ನ್ಯಾಯವೇ ಸರಿ. ಆದರೆ ಸಂಖ್ಯೆಯು ಇಳಿಯಿತೆಂಬ ವರ್ತಮಾನವನ್ನು ಓದಿದಾಗ, ಬಿಟ್ಟವರು ಉಂಡು ಬಿಟ್ಟರೋ ಉಣ್ಣದೆ ಬಿಟ್ಟರೋ ಎಂದು ನಮ್ಮ ನಮ್ಮ ಓಣಿಯಲ್ಲಿ ವಿಚಾರಿಸುವದು ಅಕ್ಷರ ಬಲ್ಲವರ ಕರ್ತವ್ಯವಾಗಿದೆ.