ಕೂಗುವ ಗಣಕಯಂತ್ರ

ಅಣ್ಣಿಗೇರಿಯ ನಿವೃತ್ತ ಶಿಕ್ಷಕರೊಬ್ಬರ ಮನೆಯ ಗಣಕಯಂತ್ರವು 2019ರ ಜೂನ್ ತಿಂಗಳಿನ ಒಂದು ಮುಂಜಾನೆ ಎಷ್ಟು ಸಲ ಗುಂಡಿಯನ್ನೊತ್ತಿದರೂ ತೆರೆ ಬೆಳಗದೆ, ಬಿಟ್ಟು ಬಿಟ್ಟು ದೀರ್ಘವಾಗಿ ಕೂಗತೊಡಗಿತು. ಅದರೊಳಗೆ ಅವರ ತಾಯಿಯವರು ತೀರಿಕೊಳ್ಳುವ ಮೊದಲು ಹೇಳಿ ಬರೆಯಿಸಿದ ಬೀಸುಕಲ್ಲಿನ ಪದಗಳಿದ್ದವು. ನುಡಿ ತಂತ್ರಾಂಶದಲ್ಲಿ ಎರಡೇ ಬೆರಳುಗಳಿಂದ ಅವರು ಒತ್ತಿ ಕೂಡಿಸಿದ್ದು, ಬೇರೆ ಪ್ರತಿಯಿಲ್ಲ. ತಾಳೆಯೋಲೆಯ ಕಾಲದವರು ಹುಳಕ್ಕೆ ಹೆದರಿಯಾದರೂ ಮರುಪ್ರತಿ ಮಾಡಿಸುತ್ತಿದ್ದರು!

ಹುಬ್ಬಳ್ಳಿಯಲ್ಲಿ ಓದುತ್ತಿದ್ದ ತಂಗಿಯ ಮಗಳು ರವಿವಾರ ಬಂದಳು. "ಹೆದರಬ್ಯಾಡ್ರಿ ಮಾಮಾ, ಪದಾ ಇರೋದು ಡಿಸ್ಕಿನ್ಯಾಗ, ಅದನ್ನ ಇದು ಇನ್ನೂ ಮುಟ್ಟೇ ಇಲ್ಲ" ಎಂದಳು. ಯಂತ್ರವು ಎಚ್ಚರಾದೊಡನೆ ಮೊದಲು ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುವದು. ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್ ಪಟ್ಟಿಯು ಸಿಕ್ಕದಿದ್ದರೆ, ತೆರೆಯ ಮೇಲೆ ತೋರಿಸಲಾರದೆ ಕೂಗಿ ಹೇಳುವದು. ವಿದ್ಯುತ್ತಿನ ತಂತಿಯನ್ನು ಕಿತ್ತು ಮುಚ್ಚಳ ತೆಗೆದರೆ ಒಳಗೆಲ್ಲ ಬೇಸಿಗೆಯ ಎರೆಮಣ್ಣಿನ ಧೂಳು. ಪಟ್ಟಿಯನ್ನು ಬಿಚ್ಚಿ, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ಲಿನ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಕೊಂಡಿಗಳು ಟಕ್ಕೆನ್ನುವವರೆಗೆ ಒತ್ತಿ ಕೂಡಿಸಿದಳು.

ತೆರೆ ಬೆಳಗಿತು, ಆದರೆ ತಾರೀಖು ತಪ್ಪಿದೆಯೆಂದು ಅಲ್ಲಿಯೇ ನಿಂತಿತು. ವಿದ್ಯುತ್ತಿಲ್ಲದಾಗ ಕಾಲವನ್ನೆಣಿಸುವ, ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆಯಂಥ ಸೆಲ್ಲು ತೀರಿದ್ದಿತು. ಪೇಟೆಯ ಗಡಿಯಾರದ ಅಂಗಡಿಯಿಂದ ಹೊಸದನ್ನು ತಂದು ಹಾಕಿದರು.

ಪದಗಳೆಲ್ಲ ಇದ್ದವು. ಕೊನೆಯದು ಮಾತ್ರ ಅರ್ಧಕ್ಕೇ ನಿಂತಿದ್ದು, ಅದರ ಕೆಳಗೆ "ಮುಂದಿನ ನುಡಿ ಅವ್ವನ್ನ ಕೇಳಬೇಕು" ಎಂದು ಶಿಕ್ಷಕರದೇ ಟಿಪ್ಪಣಿಯಿದ್ದಿತು. ಹುಡುಗಿ ಅದನ್ನೋದಿ, ಏನೂ ಅನ್ನದೆ, ಎರಡು ಪೆನ್‌ಡ್ರೈವುಗಳಿಗೆ ಪ್ರತಿಗಳನ್ನಿಳಿಸಿದಳು. ಒಂದು ಮಾಮನ ಪೆಟ್ಟಿಗೆಯಲ್ಲಿ ಉಳಿಯಿತು. ಇನ್ನೊಂದು ಸಂಜೆಯ ಬಸ್ಸಿಗೆ ಅವಳೊಡನೆ ಹುಬ್ಬಳ್ಳಿಗೆ ಹೋಯಿತು.